ಮುಟ್ಟದ ಮನೆ

ರುಸ್ತಾವಿಯ ಕಾರು ಸಂತೆ. ಭಾನುವಾರ.
ಗಾಜಿನ ಮೇಲೆಲ್ಲ ಬಿಳಿ ಬಣ್ಣದಲ್ಲಿ ವರ್ಷ, ಬೆಲೆ.
ಇಲ್ಲಿಗೆ ಬರುವ ಮುನ್ನ ಅದಕ್ಕೇನಾಯಿತು ಎಂದು
ಯಾವುದರ ಮೇಲೂ ಬರೆದಿಲ್ಲ.

ನಾನು ಅಂಜೋರ್, ಪಿಯಾನೋಗಳಿಗೆ ಶ್ರುತಿ ಕೂಡಿಸುವವನು.
ಮೂವತ್ತೊಂದು ವರ್ಷ ಮಿನಿಬಸ್ಸಿನ ಹಿಂದಿನ ಸೀಟಿನಲ್ಲಿ
ಸಲಕರಣೆಯ ಚೀಲ ತೊಡೆಯ ಮೇಲಿಟ್ಟುಕೊಂಡು
ಗೊಂಬೊರಿ ಘಟ್ಟ ದಾಟಿದ್ದೇನೆ,
ತೆಲಾವಿಯ ಶಾಲೆಗಳಿಗೆ,
ಯಾರೂ ನುಡಿಸದ, ಆದರೂ ಮಾರಲೊಲ್ಲದ ಪಿಯಾನೋಗಳಿಗೆ.
ಈಗ ಮೊಣಕಾಲು ಒಪ್ಪುವುದಿಲ್ಲ.
ಲಮಾರಾ ಅಂದಳು: ತಗೊಂಡುಬಿಡು.
ಆಮೇಲೆ: ಒಂಬತ್ತು ಸಾವಿರದ ಮೇಲೆ ಒಂದು ಲರಿಯೂ ಇಲ್ಲ.
ಆಮೇಲೆ, ಬಾಗಿಲು ಹಾಕುತ್ತಾ: ಮೋಸ ಹೋಗಬೇಡ.
ಮೂರೂ ಒಟ್ಟಿಗೆ ಆಗುವಂಥದ್ದಲ್ಲ, ಅವಳಿಗೂ ಗೊತ್ತು.

ಬೆಳ್ಳಿ ಬಣ್ಣದ ಗಾಡಿ, ಸಮುದ್ರ ದಾಟಿ ಬಂದದ್ದು.
ಮಾರುವವ ಮಾಲ್ಖಾಜ್, ಹಳೆಯ ಗೆಳೆಯನ ಭುಜದ ಮೇಲೆಂಬಂತೆ
ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದ.
ಅವನು ಕೈ ತೆಗೆದಾಗ ನಾನಿಟ್ಟೆ.
ಬೆಳಗಿನ ಎಂಟು ಗಂಟೆ, ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ,
ಆದರೂ ಬಿಸಿ.
ತಣ್ಣಗಿದ್ದಾಗ ಅದು ಹೇಗೆ ಕೆಮ್ಮುತ್ತದೆಂದು
ನನಗೆ ಕೇಳಿಸಬಾರದಿತ್ತು.

ಶುರು ಮಾಡಿದ. ಕಣ್ಣು ಮುಚ್ಚಿ ಕೇಳಿದೆ.
ನಾಲ್ಕು ಸಿಲಿಂಡರು, ನಾಲ್ಕೂ ತಾಳದಲ್ಲಿ;
ಅವುಗಳ ಅಡಿಯಲ್ಲಿ ಎಲ್ಲೋ
ಒಂದೇ ಸ್ವರದ ಎರಡು ತಂತಿ ಕೂದಲೆಳೆಯಷ್ಟು ಬೇರೆಯಾದಾಗ
ಏಳುವ ಅಲೆ:
ಇದೆ, ಇಲ್ಲ, ಇದೆ, ಇಲ್ಲ.

ಪಕ್ಕದ ಮನೆಯ ಹುಡುಗ ಹೇಳಿಕೊಟ್ಟಿದ್ದ,
ಸೀಟುಬೆಲ್ಟನ್ನು ಕೊನೆಯ ತನಕ ಎಳೆದು ನೋಡು ಎಂದು.
ಎಳೆದೆ.
ಕೊನೆಯ ಗೇಣಿನಲ್ಲಿ ಕಂದು ಗೆರೆ,
ಒಣಗಿದ ಕೆಸರು, ಉಗುರು ತಾಗಿದರೆ ಪುಡಿ.
ಯಾವ ಊರಿನ ಹೊಳೆಯೋ, ಯಾರ ಅಂಗಳಕ್ಕೆ ನುಗ್ಗಿತ್ತೋ.
ಅವರು ಮಕ್ಕಳನ್ನೆತ್ತಿಕೊಂಡು ಮಾಳಿಗೆ ಹತ್ತುವಾಗ
ಇದು ಕೆಳಗೆ ನಿಂತು ಮುಳುಗಿರಬೇಕು.
ನೀರಲ್ಲಿರುವ ಎಮ್ಮೆಗೆ ವ್ಯಾಪಾರ ಮಾಡಬಾರದು, ಸರಿ.
ನೀರಿಂದೆದ್ದು ಮೈ ತೊಳೆಸಿಕೊಂಡು ಬಂದದ್ದಕ್ಕೆ?

ಸಿಗರೇಟಿನ ಪೆಟ್ಟಿಗೆಯ ಮೇಲೆ ಲೆಕ್ಕ ಹಾಕಿದೆ.
ಇದರ ಬೆಲೆ ಎಂಟು ಸಾವಿರದ ಏಳುನೂರು.
ಇಂಥದ್ದೇ, ನೀರು ಕಾಣದ್ದು, ಹನ್ನೆರಡೂವರೆ ಸಾವಿರ.
ನಡುವಿನ ಮೂರು ಸಾವಿರದ ಎಂಟುನೂರು ಕೆಸರಿನ ಬೆಲೆ.
ವೈರುಗಳು ತುಕ್ಕು ಹಿಡಿದರೆ ಎರಡು ಸಾವಿರ ಕಳೆ.
ಘಟ್ಟದ ತಿರುವಿನಲ್ಲಿ, ರಾತ್ರಿ, ದೀಪ ಆರಿದರೆ
ಎಷ್ಟು ಬರೆಯಲಿ?
ಪೆಟ್ಟಿಗೆಯಲ್ಲಿ ಜಾಗವಿತ್ತು,
ಪೆನ್ನಿನಲ್ಲಿ ಶಾಯಿಯೂ ಇತ್ತು.

ಬೈದುಬಿಡಬಹುದಿತ್ತು ಅವನನ್ನು.
ಆದರೆ ಕ್ವಾರೆಲಿಯ ದೊಡೊ ಟೀಚರು ನೆನಪಾದಳು.
ಹದಿನಾಲ್ಕು ವರ್ಷದ ಹಿಂದೆ ಅವಳಿಗೊಂದು ಪಿಯಾನೋ ಮಾರಿದೆ;
ಬಿರಡೆ ಹಿಡಿಯುವ ಮರ ಒಳಗೇ ಸೀಳಿತ್ತು.
ಅವಳೆದುರು ಕೂತು ನುಡಿಸಿದೆ,
ನಡುವಿನ ಒಂದು ಮನೆಯನ್ನು ಮಾತ್ರ ಮುಟ್ಟದೆ,
ಎಷ್ಟು ಚೆನ್ನಾಗಿ ಮುಟ್ಟದೆ ಎಂದರೆ
ಅವಳು ಚಪ್ಪಾಳೆ ತಟ್ಟಿದಳು.
ಎರಡು ವಾರ ನಿಂತಿರಬಹುದು ಆ ಶ್ರುತಿ.
ಫೋನು ಬಂದೀತೆಂದು ಕಾದೆ. ಬರಲಿಲ್ಲ.
ಬಂದಿದ್ದರೆ ಇಷ್ಟೊತ್ತಿಗೆ ಮರೆತಿರುತ್ತಿದ್ದೆ.

ಬೆಲ್ಟು ಕೈಯಲ್ಲೇ ಇತ್ತು. ಕೇಳಿದೆ:
ಮಾಲ್ಖಾಜ್, ನೀನು ಯಾವ ಮನೆಯನ್ನು ಮುಟ್ಟುತ್ತಿಲ್ಲ?
ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು.
ಕೈ ಬಾನೆಟ್ಟಿನಿಂದ ಜೇಬಿಗೆ ಹೋಯಿತು.
"ಮಳೆ ಬಂದರೆ ಎಡಗಡೆಯ ಕಿಟಕಿ ತಾನಾಗಿ ಇಳಿಯುತ್ತೆ.
ಬೇರೇನೂ ಇಲ್ಲ, ದೇವರಾಣೆ."
ಕಿಟಕಿಯನ್ನು ನಂಬಿದೆ.
ದೇವರನ್ನು ಲೆಕ್ಕಕ್ಕೆ ಸೇರಿಸಲಿಲ್ಲ.

ಇಂಜಿನ್ ಆಫ್ ಮಾಡು, ಅಂದೆ. ತಣ್ಣಗಾಗಲಿ.
"ಎರಡು ಗಂಟೆ ಬೇಕು."
ಇರಲಿ.
ಬೆಲ್ಟು ಬಿಟ್ಟೆ; ಅದು ನಿಧಾನವಾಗಿ
ತನ್ನ ಗೆರೆಯನ್ನು ಒಳಗೆಳೆದುಕೊಂಡಿತು.
ಇಬ್ಬರೂ ಕಟ್ಟೆಯ ಮೇಲೆ ಕೂತೆವು.
ಕಾಳು ತುಂಬಿದ ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟ.
ನನ್ನದೇ ದೊಡ್ಡ ಚೂರು. ಅದನ್ನೂ ಅಳೆದೆ.